ಮೂರು ಇಂಚಿನ .32 ರಿವಾಲ್ವರ್‌ಗೆ ಯಾವ ಗುಂಡು? ಪುಣೆಯ ಬಳಕೆದಾರನ ಅನುಭವ

ನನ್ನ ಹತ್ತಿರ ಇರುವುದು ಕಾನ್ಪುರದಲ್ಲಿ ತಯಾರಾದ .32 ರಿವಾಲ್ವರ್. ಮೂರು ಇಂಚಿನ ಬ್ಯಾರಲ್, ಆರು ಗುಂಡು, ನಡುವೆ ಮಡಚಿ ತೆರೆಯುವ, ಬ್ರಿಟಿಷರ ಹಳೆಯ ವೆಬ್ಲಿ ರಿವಾಲ್ವರಿನ ಮಾದರಿ. ರಾತ್ರಿ ಹೋಟೆಲ್ ಬಾಗಿಲು ಹಾಕಿ ಗಲ್ಲಾದ ದುಡ್ಡು ಹಿಡಿದುಕೊಂಡು ಮನೆಗೆ ಹೋಗುವವನು ನಾನು. ಲೈಸೆನ್ಸ್ ಮಾಡಿಸಿದ್ದೂ ಅದಕ್ಕೇ. ಇಲ್ಲಿ ಪುಣೆಯಲ್ಲಿ ಹೋಟೆಲ್ ನಡೆಸುವ ನಮ್ಮ ಊರ ಕಡೆಯ ಹುಡುಗರು ಹೊಸದಾಗಿ ಲೈಸೆನ್ಸ್ ತೆಗೆದುಕೊಂಡಾಗ, "ಅಣ್ಣಾ, ಗುಂಡು ಯಾವುದು ಹಾಕ್ತೀರಿ?" ಎಂದು ಕೇಳುತ್ತಾರೆ. ಹಲವು ವರ್ಷ ಬಳಸಿದ ಮೇಲೆ ನನ್ನ ಉತ್ತರ ಗಟ್ಟಿಯಾಗಿದೆ: ಮೂತಿಯ ಆಕಾರಕ್ಕಿಂತ ಪ್ರತಿ ಸಲ ಸಿಡಿಯುವ, ಹೊಸ ಸ್ಟಾಕಿನ ಗುಂಡು ಮುಖ್ಯ.

ಮೊದಲು ಒಂದು ಎಚ್ಚರಿಕೆ. ಅಂಗಡಿಯಲ್ಲಿ ಸುಮ್ನೆ "ತರ್ಟಿ ಟೂ ಕೊಡಿ" ಅನ್ನಬೇಡಿ. ಪಿಸ್ತೂಲಿನ .32 ಎಸಿಪಿ ಬೇರೆ, ರಿವಾಲ್ವರಿನ .32 ಎಸ್ ಆಂಡ್ ಡಬ್ಲ್ಯೂ ಲಾಂಗ್ ಬೇರೆ. ಡಬ್ಬಿಯ ಮೇಲೆ ಓದಿ, ಆಮೇಲೆ ಗುಂಡಿನ ಹಿಂಭಾಗದ ಅಚ್ಚನ್ನೂ ನೋಡಿ.

ಲಾಂಗ್ 1896ರಲ್ಲಿ ಬಂದ ಗುಂಡು. ಅಮೆರಿಕದ ಕಂಪನಿಗಳು ಕೊಡುವ ಲೆಕ್ಕದಲ್ಲಿ 98 ಗ್ರೇನ್, ಅಂದರೆ ಸುಮಾರು 6.35 ಗ್ರಾಂ ತೂಕದ ಸೀಸ ಸೆಕೆಂಡಿಗೆ ಸುಮಾರು 700 ಅಡಿ ವೇಗದಲ್ಲಿ ಹೋಗುತ್ತದೆ. ಅದೂ ಉದ್ದ ಬ್ಯಾರಲ್‌ನಲ್ಲಿ. ಮೂರು ಇಂಚಿನದರಲ್ಲಿ ಇನ್ನೂ ಕಡಿಮೆ. .38 ಸ್ಪೆಷಲ್‌ಗೆ ಹೋಲಿಸಿದರೆ ಶಕ್ತಿ ಹೆಚ್ಚುಕಡಿಮೆ ಅರ್ಧ. ಆದರೆ ನಮ್ಮ ದೇಶದಲ್ಲಿ .38 ರಿವಾಲ್ವರ್ ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ, ಅದು ನಿಷೇಧಿತ ಬೋರ್ (ಬೋರ್ ಅಂದರೆ ಬ್ಯಾರಲಿನ ಒಳ ಅಳತೆ). ಹಾಗಾಗಿ ಇದೇ ನಮ್ಮ ಪಾಲಿಗೆ ಬಂದದ್ದು.

ಇಂಟರ್ನೆಟ್ ನೋಡಿ ಬರುವವರು ಹಾಲೋ ಪಾಯಿಂಟ್ ಕೇಳುತ್ತಾರೆ. ಮೂತಿಯಲ್ಲಿ ಗುಳಿ ಇರುವ ಗುಂಡು ಅದು, ಒಳಹೊಕ್ಕ ಮೇಲೆ ಅಗಲವಾಗುತ್ತದೆ. ಅಗಲವಾಗಬೇಕಾದರೆ ವೇಗ ಬೇಕು. ಗಿಡ್ಡ ಬ್ಯಾರಲ್‌ನ .38ರಲ್ಲೇ ಎಷ್ಟೋ ಹಾಲೋ ಪಾಯಿಂಟ್‌ಗಳ ಗುಳಿಯಲ್ಲಿ ದಪ್ಪ ಬಟ್ಟೆ ತುಂಬಿಕೊಂಡು, ಅವು ಅರಳದೆ ಹಾಗೇ ಹೋಗುತ್ತವೆ. ನಮ್ಮ .32ರ ವೇಗಕ್ಕೆ ಅದರ ಆಸೆ ಬಿಟ್ಟುಬಿಡಿ. 1986ರ ಮಯಾಮಿ ಗುಂಡಿನ ಕಾಳಗದ ನಂತರ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ರೂಪಿಸಿದ ಪರೀಕ್ಷೆಯಲ್ಲಿ, ಮಾಂಸದ ಬದಲಿಗೆ ಬಳಸುವ ಜೆಲಾಟಿನ್‌ನೊಳಗೆ ಗುಂಡು 12ರಿಂದ 18 ಇಂಚು ಆಳ ಹೋಗಬೇಕು ಎಂಬುದು ಅಳತೆ. ನಿಧಾನದ ಗುಂಡು ಅರಳಿಕೊಂಡರೆ ಆ ಆಳವೇ ಕಡಿಮೆಯಾಗುತ್ತದೆ. ಸಣ್ಣ ಬೋರ್‌ನಲ್ಲಿ ಆಳವನ್ನು ಕಳೆದುಕೊಳ್ಳುವ ಹಾಗಿಲ್ಲ.

ಉಳಿದದ್ದು ಎರಡು: ದುಂಡು ಮೂತಿಯದು, ಚಪ್ಪಟೆ ಮೂತಿಯ ವಾಡ್‌ಕಟರ್.

ವಾಡ್‌ಕಟರ್ ನಿಜವಾಗಿ ಸ್ಪರ್ಧೆಗಾಗಿ ಹುಟ್ಟಿದ್ದು. ಕಾಗದದಲ್ಲಿ ಚೊಕ್ಕವಾಗಿ ದುಂಡು ತೂತು ಕೊರೆಯುತ್ತದೆ, ಅಂಕ ಎಣಿಸುವುದು ಸುಲಭ. 25 ಮೀಟರ್ ಸೆಂಟರ್ ಫೈರ್ ಎಂಬ ಸ್ಪರ್ಧೆಯ ಶೂಟರ್‌ಗಳು ಇಂದಿಗೂ ಇದನ್ನೇ ಇಷ್ಟಪಡುತ್ತಾರೆ. ಲಾಪುವಾ, ಸೆಲ್ಲಿಯರ್ ಆಂಡ್ ಬೆಲ್ಲೋ, ಫಿಯೋಕಿ ಎಂಬ ವಿದೇಶಿ ಕಂಪನಿಗಳೆಲ್ಲ ಮಾಡುತ್ತವೆ. ದುಂಡು ಮೂತಿ ಎದುರಿನದ್ದನ್ನು ಪಕ್ಕಕ್ಕೆ ಸರಿಸಿಕೊಂಡು ಹೋದರೆ, ಚಪ್ಪಟೆ ಮೂತಿ ಕತ್ತರಿಸಿಕೊಂಡು ಹೋಗುತ್ತದೆ. ಅರಳುವ ಹಂಗಿಲ್ಲ. ರೇಂಜಿನಲ್ಲಿ ನನ್ನ ರಿವಾಲ್ವರಿನಿಂದ ತುಂಬಾ ಹತ್ತಿರ ಹತ್ತಿರ ಬೀಳುವುದೂ ಇದೇ. ಕೈಗೆ ಹಿತ.

ಆದರೂ ನಾನು ದಿನಾ ಹಾಕುವುದು ದೇಶಿ ದುಂಡು ಮೂತಿ. ಒಂದು ಕಾರಣ, ತುಂಬುವ ಕೆಲಸ. ದುಂಡು ಮೂತಿ ತಾನಾಗಿ ಚೇಂಬರಿನೊಳಗೆ, ಅಂದರೆ ಸಿಲಿಂಡರಿನ ತೂತಿನೊಳಗೆ, ಜಾರುತ್ತದೆ. ವಾಡ್‌ಕಟರಿನ ಚಪ್ಪಟೆ ಅಂಚು ಬಾಯಿಗೇ ತಗಲಿ ನಿಲ್ಲುತ್ತದೆ, ಕತ್ತಲಲ್ಲಿ ಬೆರಳು ನಡುಗುವಾಗ ಅದು ದೊಡ್ಡ ತೊಂದರೆ. ಎರಡನೆಯದು, ವಿದೇಶಿ ಡಬ್ಬಿ ಅಂಗಡಿಗೆ ಬಂದಾಗ ಬಂತು, ಬೆಲೆಯೂ ಜಾಸ್ತಿ. ಲೈಸೆನ್ಸ್‌ನಲ್ಲಿ ಬರೆದಷ್ಟೇ ಗುಂಡು ಕೊಳ್ಳಬಹುದು. ಆ ಮಿತಿಯೊಳಗೆ ಅಭ್ಯಾಸಕ್ಕೂ ಬೇಕು, ಇಟ್ಟುಕೊಳ್ಳಲೂ ಬೇಕು. ಅಭ್ಯಾಸ ಒಂದರಲ್ಲಿ, ಕಾವಲು ಇನ್ನೊಂದರಲ್ಲಿ ಆದರೆ ಗುಂಡು ಎಲ್ಲಿ ಬೀಳುತ್ತದೆ ಎಂಬ ಅಂದಾಜೇ ತಪ್ಪುತ್ತದೆ. ಪುಣೆಯ ಖಡಕಿಯಲ್ಲಿರುವ ಗುಂಡಿನ ಕಾರ್ಖಾನೆಯ ಅಚ್ಚು, 'ಕೆಎಫ್' ಎಂದು ಹಿಂದೆ ಒತ್ತಿರುವುದು, ನಮಗೆ ಪರಿಚಿತ. 1869ರ ಕಾರ್ಖಾನೆ, ಈಗ ಪುಣೆಯಲ್ಲೇ ಕೇಂದ್ರ ಕಚೇರಿ ಇರುವ ಸರ್ಕಾರಿ ಕಂಪನಿ ಮ್ಯೂನಿಷನ್ಸ್ ಇಂಡಿಯಾದ ಕೆಳಗಿದೆ.

ಈಗ ಮಳೆಗಾಲದ ಮಾತು. ಇಷ್ಟು ವರ್ಷದಲ್ಲಿ ನಾನು ಕಂಡ ತೊಂದರೆಗಳೆಲ್ಲ ಗುಂಡಿನ ಆಕಾರದಿಂದ ಬಂದವಲ್ಲ. ಚರ್ಮದ ಬೆಲ್ಟಿನ ಕುಣಿಕೆಯಲ್ಲಿ ಗುಂಡು ಬಿಟ್ಟರೆ, ಜುಲೈ ಹೊತ್ತಿಗೆ ಹಿತ್ತಾಳೆಯ ಮೇಲೆ ಹಸಿರು ಕಿಲುಬು ಬಂದಿರುತ್ತದೆ. ಚರ್ಮ ಹದ ಮಾಡುವ ರಾಸಾಯನಿಕ ಮತ್ತು ತೇವ ಎರಡೂ ಸೇರಿ ಹಾಗಾಗುತ್ತದೆ. ಉಗುರಿನಿಂದ ಕೆರೆದರೆ ಮೇಣದ ಹಾಗೆ ಕಿತ್ತು ಬರುತ್ತದೆ. ಅಂಥ ಗುಂಡು ಚೇಂಬರಿಗೆ ಅಂಟಿಕೊಳ್ಳುತ್ತದೆ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಅಷ್ಟೇ ಸಾಕು. ಇನ್ನೊಂದು, ಎಣ್ಣೆ. ಮಳೆ ಅಂತ ಚೇಂಬರಿಗೂ ಎಣ್ಣೆ ಹಾಕುವವರಿದ್ದಾರೆ. ಅದು ಗುಂಡಿನ ಹಿಂಭಾಗದಲ್ಲಿ ಕಿಡಿ ಹೊತ್ತಿಸುವ ಪ್ರೈಮರಿನೊಳಗೆ ಇಳಿದು ಗುಂಡನ್ನು ಸತ್ತದ್ದಾಗಿ ಮಾಡಬಹುದು. ಒರೆಸಿ ಒಣಗಿಸಿ ಇಡಿ.

ತುಂಬುವ ಮುಂಚೆ ಪ್ರತಿ ಗುಂಡಿನ ಹಿಂಭಾಗಕ್ಕೆ ಹೆಬ್ಬೆರಳು ಸವರಿ. ಪ್ರೈಮರ್ ಸ್ವಲ್ಪ ಉಬ್ಬಿದ್ದರೂ ಬೆರಳಿಗೆ ಗೊತ್ತಾಗುತ್ತದೆ. ಅಂಥದ್ದು ಸಿಲಿಂಡರ್ ತಿರುಗಲು ಬಿಡುವುದಿಲ್ಲ. ಹಳೆಯ ಸ್ಟಾಕಿನ ಒಂದು ಡಬ್ಬಿಯಲ್ಲಿ ಸಿಡಿಯದ ಗುಂಡುಗಳೂ ನನಗೆ ಸಿಕ್ಕಿವೆ. ರೇಂಜಿನಲ್ಲಿ ಕ್ಲಿಕ್ ಅಂದು ಸುಮ್ಮನಾದರೆ ಮೂತಿಯನ್ನು ಗುರಿಯ ಕಡೆಯೇ ಹಿಡಿದು ಅರ್ಧ ನಿಮಿಷ ಕಾಯಿರಿ, ತಡವಾಗಿ ಸಿಡಿಯಬಹುದು. ಸದ್ದು ಎಂದಿಗಿಂತ ಮೆಲ್ಲಗೆ ಬಂದರೆ ಇನ್ನೊಂದು ಹೊಡೆಯಲೇಬೇಡಿ. ರಿವಾಲ್ವರ್ ಖಾಲಿ ಮಾಡಿ ಬ್ಯಾರಲ್ ನೋಡಿ. ಒಳಗೆ ಗುಂಡು ಸಿಕ್ಕಿಕೊಂಡಿದ್ದರೆ ಮುಂದಿನದು ಬ್ಯಾರಲ್ಲನ್ನೇ ಒಡೆಯಬಹುದು.

ಕಡಿಮೆ ಶಕ್ತಿ ಅಂತ ಸಲಿಗೆ ಬೇಡ. ನಮ್ಮ ಪೇಠೆಗಳ ಓಣಿಯಲ್ಲಿ ಗುರಿ ತಪ್ಪಿದ ಸೀಸ ಯಾರದೋ ಕಿಟಕಿಗೆ ಹೋಗುತ್ತದೆ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಹೊಡೆದು ಜನರ ಪ್ರಾಣಕ್ಕೆ ಅಪಾಯ ತಂದರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಅದು ಸರಿಯಾದದ್ದೇ ಅನ್ನುತ್ತೇನೆ.

ನನ್ನ ಕ್ರಮ ಹೀಗಿದೆ. ಮಳೆ ನಿಂತ ಮೇಲೆ ಸಿಲಿಂಡರಿನಲ್ಲಿದ್ದ ಆರನ್ನೂ ರೇಂಜಿಗೆ ಒಯ್ದು ಹೊಡೆದು ಮುಗಿಸುತ್ತೇನೆ, ಹೊಸ ಡಬ್ಬಿಯಿಂದ ಆರು ಹಾಕುತ್ತೇನೆ. ಅದೇ ಡಬ್ಬಿಯ ಕೆಲವನ್ನು ಮೊದಲೇ ಹೊಡೆದು ನೋಡಿರುತ್ತೇನೆ. ಚುನಾವಣೆಗೆ ಠಾಣೆಯಲ್ಲಿ ಒಪ್ಪಿಸಿದ್ದು ವಾಪಸ್ ಬಂದಾಗಲೂ ಇದೇ ಕ್ರಮ. ಒಪ್ಪಿಸುವಾಗ ಗುಂಡಿನ ಸಂಖ್ಯೆಯನ್ನೂ ರಸೀದಿಯಲ್ಲಿ ಬರೆಸಿಕೊಳ್ಳಿ.

ದೇಶಿ ದುಂಡು ಮೂತಿಗೆ ಐದಕ್ಕೆ ನಾಲ್ಕು. ವಾಡ್‌ಕಟರ್‌ಗೂ ನಾಲ್ಕೇ, ತಡವಿಲ್ಲದೆ ತುಂಬಲು ಕಲಿತವರಿಗೆ ಮತ್ತು ಡಬ್ಬಿ ಸಿಗುವ ಅಂಗಡಿ ಹತ್ತಿರ ಇರುವವರಿಗೆ.