ಯುರೋಪಿನ ಭಾಷಾ ಪಾಠದ ಸಾಮಗ್ರಿ ನಮ್ಮ ಉಡುಪಿ ಕ್ಲಾಸಿಗೆ ಆಗ್ತದಾ?

ಮೊದಲೇ ಹೇಳಿಬಿಡುತ್ತೇನೆ, ಆಗುತ್ತದೆ. ಚೆನ್ನಾಗಿಯೇ ಆಗುತ್ತದೆ. ಆದರೆ ಅಲ್ಲಿದ್ದದ್ದನ್ನು ಹಾಗೇ ಪ್ರಿಂಟ್ ಹೊಡೆದು ಮಕ್ಕಳ ಕೈಗೆ ಕೊಟ್ಟರೆ ಆಗುವುದಿಲ್ಲ. ಟೀಚರ್ ಕೂತು ಸ್ವಲ್ಪ ಕೆಲಸ ಮಾಡಬೇಕು.

ನಾನು ಹೇಳುತ್ತಿರುವುದು ಆಸ್ಟ್ರಿಯಾದ ಗ್ರಾಜ್ ಎಂಬ ಊರಲ್ಲಿರುವ ಯುರೋಪಿಯನ್ ಸೆಂಟರ್ ಫಾರ್ ಮಾಡರ್ನ್ ಲ್ಯಾಂಗ್ವೇಜಸ್ ಬಗ್ಗೆ. ಚಿಕ್ಕದಾಗಿ ಇಸಿಎಂಎಲ್. 1994ರಲ್ಲಿ ಕೌನ್ಸಿಲ್ ಆಫ್ ಯುರೋಪ್ ಅಡಿಯಲ್ಲಿ ಶುರುವಾದದ್ದು. ಯುರೋಪಿಯನ್ ಯೂನಿಯನ್ ಬೇರೆ, ಇದು ಬೇರೆ. ಕೌನ್ಸಿಲ್‌ನಲ್ಲಿ 46 ದೇಶಗಳಿವೆ. ಭಾಷೆ ಕಲಿಸುವವರಿಗೆ ಬೇಕಾದ ಪುಸ್ತಕ, ಹಾಳೆ, ಚಟುವಟಿಕೆ ಎಲ್ಲ ಇಸಿಎಂಎಲ್ ವೆಬ್‌ಸೈಟಿನಲ್ಲಿ ಉಚಿತ.

ನಾನು ಮಲ್ಪೆ ಹತ್ತಿರದ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮ ಕ್ಲಾಸ್ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಗೊತ್ತೇ ಇದೆ. ಮನೆಯಲ್ಲಿ ತುಳು ಮಾತಾಡುವವರು ಜಾಸ್ತಿ, ಕೊಂಕಣಿಯವರು ಇದ್ದಾರೆ, ಬ್ಯಾರಿ ಮಾತಾಡುವವರು ಇದ್ದಾರೆ, ಕುಂದಾಪುರ ಕನ್ನಡದವರು ಇದ್ದಾರೆ, ಮತ್ತೆ ಬಂದರಿನ ಕೆಲಸಕ್ಕೆ ಅಂತ ಉತ್ತರ ಕರ್ನಾಟಕದಿಂದ, ಒಡಿಶಾದಿಂದ ಬಂದವರ ಮಕ್ಕಳೂ ಇದ್ದಾರೆ. ಇಷ್ಟೆಲ್ಲ ಭಾಷೆ ಒಂದೇ ಕೋಣೆಯಲ್ಲಿ ಕೂತಿದ್ದರೂ ಪರೀಕ್ಷೆಗೆ ಬರುವುದು ಮೂರೇ. ಉಳಿದದ್ದನ್ನು ಮಕ್ಕಳು ಚೀಲದ ಜೊತೆ ಹೊರಗಿಟ್ಟು ಬಂದ ಹಾಗೆ. ನಾನು ಕಂಡ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಂತೂ ತುಳು ಮಾತಾಡಿದರೆ ದಂಡ ಹಾಕುತ್ತಿದ್ದರು. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಯುರೋಪಿನವರ ಈ ಸಾಮಗ್ರಿಯ ಮುಖ್ಯ ವಿಚಾರ ಇದಕ್ಕೆ ಪೂರ್ತಿ ಉಲ್ಟಾ. ಮಗು ಮನೆಯಿಂದ ತರುವ ಭಾಷೆ ಅಡ್ಡಿ ಅಲ್ಲ, ಅದೇ ಹೊಸ ಭಾಷೆ ಕಲಿಯಲು ಬಂಡವಾಳ, ಹಾಗಾಗಿ ಅದನ್ನು ಕ್ಲಾಸಿನೊಳಗೆ ಕರೆದು ಕೂರಿಸಿ ಅನ್ನುತ್ತಾರೆ. ಬರೀ ಭಾಷಣ ಅಲ್ಲ, ಹೇಗೆ ಕೂರಿಸಬೇಕು ಅಂತಲೂ ಬರೆದಿದ್ದಾರೆ.

ಹುಡುಕುವವರು ಆ ಸೈಟಿನಲ್ಲಿ ಫ್ರೆಪಾ (FREPA) ಅಂತ ಹುಡುಕಿ. ಬೇರೆ ಬೇರೆ ಭಾಷೆಗಳನ್ನು ಒಟ್ಟಿಗೆ ಇಟ್ಟು ಕಲಿಸುವ ಕ್ರಮಗಳು ಅದರಲ್ಲಿವೆ. ಶಾಲೆಯಲ್ಲಿ ಕಲಿಸದ ಭಾಷೆಗಳನ್ನೂ ಮಕ್ಕಳಿಗೆ ಕೇಳಿಸಿ ಕಿವಿ ತೆರೆಸುವುದು ಒಂದು. ಒಂದೇ ಕುಟುಂಬದ ಭಾಷೆಗಳನ್ನು ಅಕ್ಕಪಕ್ಕ ಇಟ್ಟು, ಗೊತ್ತಿರುವುದರಿಂದ ಗೊತ್ತಿಲ್ಲದ್ದನ್ನು ಊಹಿಸಲು ಬಿಡುವುದು ಇನ್ನೊಂದು. ಅಲ್ಲಿ ಇದನ್ನು ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಶ್ ಇಟ್ಟುಕೊಂಡು ಮಾಡುತ್ತಾರೆ. ನಮಗೆ ಅಷ್ಟು ದೂರ ಹೋಗಬೇಕಾಗಿಯೇ ಇಲ್ಲ, ಅಲ್ವಾ?

ಏಳನೇ ಕ್ಲಾಸಿನಲ್ಲಿ ಒಂದರಿಂದ ಐದರವರೆಗೆ ಎಣಿಸುವುದನ್ನು ಇಟ್ಟುಕೊಂಡೆ. ಬೋರ್ಡ್ ಮೇಲೆ ಚೌಕ ಎಳೆದು ಒಬ್ಬೊಬ್ಬರೇ ಬಂದು ತಮ್ಮ ಮನೆಯ ಎಣಿಕೆಯನ್ನು ಕನ್ನಡ ಲಿಪಿಯಲ್ಲಿ ಬರೆಯಬೇಕು. ತುಳುವಿನ ಒಂಜಿ, ರಡ್ಡ್, ಮೂಜಿ ಬಂತು. ಕೊಂಕಣಿಯ ಏಕ್, ದೋನ್, ತೀನ್ ಬಂತು. ಆಮೇಲೆ ಒಡಿಶಾದ ಹುಡುಗ. ಕ್ಲಾಸಿನಲ್ಲಿ ಅವನು ಬಾಯಿ ಬಿಡುವುದೇ ಅಪರೂಪ, ಕನ್ನಡ ಇನ್ನೂ ಕೂಡಿ ಬಂದಿಲ್ಲ. ಅವನು ಹೇಳುತ್ತಾ ಹೋದ, ನಾನು ಬರೆದೆ: ಏಕ, ದುಇ, ತಿನಿ, ಚಾರಿ, ಪಾಂಚ. ಹಿಂದಿನ ಬೆಂಚಿನ ಕೊಂಕಣಿ ಹುಡುಗಿ ತಟ್ಟನೆ ಎದ್ದು "ಟೀಚರ್, ಅವನದ್ದು ನಮ್ಮದರ ಹಾಗೇ ಉಂಟು!" ಅಂದಳು. ಅಲ್ಲಿಂದ ಕ್ಲಾಸ್ ನನ್ನ ಕೈಲಿರಲಿಲ್ಲ. ಯಾವುದು ಯಾವುದಕ್ಕೆ ಸೇರುತ್ತದೆ ಅಂತ ಅವರೇ ಗುಂಪು ಮಾಡಿದರು. ತುಳು ಕನ್ನಡದ ಕಡೆಗೆ ಹೋಯಿತು, ಕೊಂಕಣಿ ಮತ್ತು ಒಡಿಯಾ ಇನ್ನೊಂದು ಕಡೆಗೆ. ದ್ರಾವಿಡ, ಇಂಡೋ-ಆರ್ಯನ್ ಅನ್ನುವ ಹೆಸರು ಹೇಳುವ ಮೊದಲೇ ವಿಷಯ ಅವರಿಗೆ ಸಿಕ್ಕಿತ್ತು. ಊಟದ ಬೆಲ್ ಹೊಡೆದ ಮೇಲೂ ಆ ಹುಡುಗಿ ಅವನ ಹತ್ತಿರ ಹತ್ತರವರೆಗೆ ಕೇಳಿ ಬರೆದುಕೊಳ್ಳುತ್ತಿದ್ದಳು. ಇದೊಂದಕ್ಕೇ ನಾನು ಈ ಸೈಟಿಗೆ ಪೂರ್ತಿ ಅಂಕ ಕೊಡಲು ತಯಾರು.

ಇನ್ನೊಂದು ಕೌನ್ಸಿಲ್‌ನವರ ಭಾಷಾ ಪೋರ್ಟ್‌ಫೋಲಿಯೋ. ಪಾಸ್‌ಪೋರ್ಟ್, ಭಾಷೆಯ ಆತ್ಮಕಥೆ, ಕೆಲಸಗಳ ಕಡತ ಅಂತ ಮೂರು ಭಾಗ. ಪಾಸ್‌ಪೋರ್ಟಿನಲ್ಲಿ ಮಗು ತನಗೆ ಬರುವ ಪ್ರತಿ ಭಾಷೆಯ ಎದುರು ತಾನೇ ಮಟ್ಟ ಹಾಕಿಕೊಳ್ಳಬೇಕು. ಜರ್ಮನಿಗೆ ಹೋಗಲು ತಯಾರಾಗುವ ನಮ್ಮ ಮಂಗಳೂರಿನ ನರ್ಸ್‌ಗಳ ಬಾಯಲ್ಲಿ ಬಿ1, ಬಿ2 ಅಂತ ಕೇಳುತ್ತೀರಲ್ಲ, ಅದೇ ಮಟ್ಟಗಳು. 2001ರಲ್ಲಿ ಕೌನ್ಸಿಲ್‌ನವರೇ ಹೊರತಂದದ್ದು, ಕಲಿಯಲು ಶುರು ಮಾಡಿದವರ ಎ1ರಿಂದ ಎಲ್ಲಕ್ಕಿಂತ ಮೇಲಿನ ಸಿ2ರವರೆಗೆ ಆರು. ಇದರ ಚಂದ ಏನೆಂದರೆ ಕೇಳುವುದು, ಓದುವುದು, ಮಾತುಕತೆ, ತಾನೇ ನಿಂತು ಮಾತಾಡುವುದು, ಬರೆಯುವುದು ಎಲ್ಲದಕ್ಕೂ ಬೇರೆ ಬೇರೆ ಕಾಲಂ. ತುಳು ಮಕ್ಕಳು ಕೇಳುವುದಕ್ಕೂ ಮಾತಿಗೂ ಮೇಲಿನ ಮಟ್ಟ ಹಾಕಿ, ಓದು ಬರಹಕ್ಕೆ ಬಂದಾಗ ಪೆನ್ನು ನಿಲ್ಲಿಸಿದರು. ಹಾಗೆ ನಿಲ್ಲಿಸಿದ್ದೂ ಒಳ್ಳೆಯದೇ ಆಯಿತು, "ನಮಗೆ ತುಳು ಓದಲು ಯಾಕೆ ಕಲಿಸುವುದಿಲ್ಲ?" ಅಂತ ಒಬ್ಬ ಕೇಳಿದ. ಕೆಲವು ಶಾಲೆಗಳಲ್ಲಿ ತುಳು ಈಗ ಐಚ್ಛಿಕ ತೃತೀಯ ಭಾಷೆಯಾಗಿ ಇದೆ ಅಂತ ಹೇಳಿದೆ. ನಮ್ಮಲ್ಲಿ ಇಲ್ಲ.

ಈಗ ಸರಿಯಿಲ್ಲದ್ದು. ಸಾಮಗ್ರಿ ಹೆಚ್ಚಿನದ್ದು ಇಂಗ್ಲಿಷ್ ಮತ್ತು ಫ್ರೆಂಚಿನಲ್ಲಿ. ಬಹುಭಾಷೆ ಬಗ್ಗೆ ಇಷ್ಟು ಹೇಳುವವರು ಟೀಚರ್‌ಗಳಿಗೆ ಅರ್ಥವಾಗುವ ಹಾಗೆ ಬರೆಯುವುದನ್ನು ಮಾತ್ರ ಮರೆತಿದ್ದಾರೆ. ಒಂದೊಂದು ಪಿಡಿಎಫ್ ಓದುವುದು ಸುಸ್ತು, ಸರ್ಕಾರಿ ಸುತ್ತೋಲೆ ಓದಿದ ಹಾಗೆ. ಸುಮ್ನೆ ಮೊದಲ ಪುಟದಿಂದ ಶುರು ಮಾಡಬೇಡಿ, ನೇರ ಚಟುವಟಿಕೆಗಳ ಭಾಗಕ್ಕೆ ಹೋಗಿ. ಸಿ1, ಸಿ2 ಮಟ್ಟದ ವಿವರಣೆ ಬರೆದದ್ದು ಓದಿದ ದೊಡ್ಡವರಿಗೆ, ಹನ್ನೆರಡು ವರ್ಷದ ಮಗುವಿಗೆ ಹೊಂದುವುದಿಲ್ಲ. ನಾನು ಅದನ್ನು "ಅಜ್ಜಿ ಹತ್ತಿರ ಜಗಳ ಮಾಡಲು ಬರುತ್ತದೆ", "ಯಕ್ಷಗಾನದ ಅರ್ಥಗಾರಿಕೆ ಕೇಳಿದರೆ ತಿಳಿಯುತ್ತದೆ" ಅಂತೆಲ್ಲ ಬದಲಿಸಿದೆ. ಆಗ ಮಕ್ಕಳು ಸಲೀಸಾಗಿ ತುಂಬಿದರು. ಗ್ರಾಜ್‌ನ ಕಾರ್ಯಾಗಾರಗಳು ಮುಖ್ಯವಾಗಿ ಸದಸ್ಯ ದೇಶಗಳ ಶಿಕ್ಷಕರಿಗೆ, ನಮಗೆ ಡೌನ್‌ಲೋಡ್ ಮಾತ್ರ.

ಯುರೋಪಿನಲ್ಲಿ ಎಲ್ಲ ಸರಿ ಇದೆ ಅಂತ ತಿಳಿಯುವುದೂ ಬೇಡ. ಸಣ್ಣ ಭಾಷೆಗಳನ್ನು ಕಾಪಾಡಲು 1992ರಲ್ಲಿ ಇದೇ ಕೌನ್ಸಿಲ್ ಒಂದು ಒಪ್ಪಂದ ಮಾಡಿತು. ಫ್ರಾನ್ಸ್ 1999ರಲ್ಲಿ ಸಹಿ ಹಾಕಿತು, ಅನುಮೋದನೆ ಮಾತ್ರ ಕೊಡಲೇ ಇಲ್ಲ. ಅದಕ್ಕಿಂತ ನನಗೆ ಬೇಜಾರಾದದ್ದು, ವಲಸೆ ಬಂದವರ ಭಾಷೆಗಳು ಆ ಒಪ್ಪಂದದ ಲೆಕ್ಕಕ್ಕೇ ಇಲ್ಲ. ಬರ್ಲಿನ್‌ನ ಟರ್ಕಿಶ್ ಮಗುವಿಗೆ ಅದರಿಂದ ಏನೂ ಸಿಗುವುದಿಲ್ಲ. ಇಸಿಎಂಎಲ್‌ನವರು ವಲಸೆ ಮಕ್ಕಳ ಭಾಷೆಯನ್ನು ಕ್ಲಾಸಿಗೆ ತರಲು ಇಷ್ಟು ಕೆಲಸ ಮಾಡಿದ್ದಾರಲ್ಲ, ಕಾನೂನು ಬಿಟ್ಟ ಜಾಗವನ್ನು ಟೀಚರ್‌ಗಳೇ ತುಂಬುತ್ತಿದ್ದಾರೆ ಅನಿಸುತ್ತದೆ. ನಮ್ಮಲ್ಲೂ ಕೊಂಕಣಿ 1992ರಲ್ಲಿ ಎಂಟನೇ ಪರಿಚ್ಛೇದಕ್ಕೆ ಸೇರಿತು, ತುಳು ಇನ್ನೂ ಕಾಯುತ್ತಿದೆ. ಬ್ಯಾರಿ, ಕೊರಗ ಭಾಷೆಯ ಮಾತು ಎತ್ತುವವರೇ ಕಡಿಮೆ. ಪಟ್ಟಿಗೆ ಸೇರುವವರೆಗೆ ಮಕ್ಕಳು ಕಾಯಲು ಆಗುತ್ತದಾ? ಅವರು ಈ ವರ್ಷ ಏಳನೇ ಕ್ಲಾಸು, ಬರುವ ವರ್ಷ ಎಂಟು.

ಟೀಚರ್‌ಗಳೇ, ಶುರು ಮಾಡುವುದಾದರೆ ಸೆಪ್ಟೆಂಬರ್ 26 ಒಳ್ಳೆಯ ನೆಪ. ಅವತ್ತು ಯುರೋಪಿನ ಭಾಷಾ ದಿನ, 2001ರಿಂದ ಆಚರಿಸುತ್ತಿದ್ದಾರೆ. ಅದಕ್ಕೆಂದೇ ಇರುವ ಸೈಟಿನಲ್ಲಿ ಆಟಗಳು ಬೇಕಾದಷ್ಟಿವೆ. ಮೊಬೈಲಲ್ಲಿ ನೋಡಿ, ಹಿಡಿಸಿದ್ದನ್ನು ಕನ್ನಡದಲ್ಲಿ ಒಂದು ಹಾಳೆಗೆ ಬರೆದುಕೊಳ್ಳಿ. ಒಂದು ಪೀರಿಯಡ್ ಸಾಕು. ಪೇರೆಂಟ್ಸ್ ಮೀಟಿಂಗ್ ಅದೇ ವಾರ ಇಟ್ಟರೆ ಇನ್ನೂ ಒಳ್ಳೆಯದು, ಬಂದರಿನಲ್ಲಿ ದುಡಿಯುವ ತಂದೆ ತಾಯಿಯನ್ನೂ ಕರೆದು ಅವರ ಭಾಷೆಯಲ್ಲಿ ಒಂದು ಕಥೆ ಹೇಳಿಸಿ.