ಇಂಟರ್‌ವ್ಯೂಗೆ ಮುಂಚಿನ ದಾರಿ: ಎನ್‌ವಿಸಿ ಮತ್ತು ಸಿಇಎಸಿ ಪೋರ್ಟಲ್ ಬಳಸಿದ ಅನುಭವ

ಮನೆಯವರನ್ನು ಅಮೆರಿಕಕ್ಕೆ ಕಾಯಂ ಆಗಿ ಕರೆಸಿಕೊಳ್ಳುವ ವೀಸಾ: ಮೊದಲು ಅಪ್ಪ-ಅಮ್ಮ, ಆಮೇಲೆ ಅತ್ತೆ, ಈಗ ಅಣ್ಣನ ಕೇಸು. ಇಂಟರ್‌ವ್ಯೂಗೆ ಮುಂಚೆ ಶುಲ್ಕ, ಕಾಗದ ಪತ್ರ ನೋಡುವ ಅಮೆರಿಕದ ನ್ಯಾಷನಲ್ ವೀಸಾ ಸೆಂಟರ್, ಅಂದರೆ ಎನ್‌ವಿಸಿ, ನಮ್ಮ ಮನೆಯ ಮಾತಿನಲ್ಲಿ ಬಂದು ಹೋಗುತ್ತಲೇ ಇರುತ್ತದೆ. ಐದರಲ್ಲಿ ಮೂರೂವರೆ ಸ್ಟಾರ್ ಕೊಡುತ್ತೇನೆ. ಪೋರ್ಟಲ್ ಕೆಲಸ ಅಂಥ ಕಷ್ಟವೇನಲ್ಲ. ಜೀವ ತಿನ್ನುವುದು ಊರಿನ ಕಾಗದ ಪತ್ರ.

ಹೊಸಬರಿಗೆ ಚುಟುಕಾಗಿ ಹೇಳುತ್ತೇನೆ. ಸಂಬಂಧಿಕರನ್ನು ಕರೆಸಿಕೊಳ್ಳಲು ನೀವು ಹಾಕಿದ ಐ-130 ಅರ್ಜಿಯನ್ನು ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್ ಒಪ್ಪಿದ ಮೇಲೆ ಕೇಸು ನ್ಯೂ ಹ್ಯಾಂಪ್‌ಷೈರ್‌ನ ಪೋರ್ಟ್ಸ್‌ಮತ್‌ನಲ್ಲಿರುವ ಎನ್‌ವಿಸಿಗೆ ಬರುತ್ತದೆ. ಅಲ್ಲಿಂದ ವೆಲ್‌ಕಮ್ ಲೆಟರ್ ಬರುತ್ತದೆ, ಅದರಲ್ಲಿ ಕೇಸ್ ನಂಬರ್ ಮತ್ತು ಇನ್‌ವಾಯ್ಸ್ ನಂಬರ್ ಇರುತ್ತವೆ. ಇಂಟರ್‌ವ್ಯೂ ಮುಂಬೈ ಕಾನ್ಸುಲೇಟ್‌ನಲ್ಲಾದರೆ ನಂಬರ್ 'ಬಿಎಂಬಿ' ಅಂತ ಶುರುವಾಗುತ್ತದೆ. ಇವೆರಡು ಇದ್ದರೆ ಸಿಇಎಸಿಗೆ, ಅಂದರೆ ಹಣ ಕಟ್ಟಿ ಫಾರ್ಮ್, ದಾಖಲೆ ಹಾಕುವ ಆನ್‌ಲೈನ್ ಪೋರ್ಟಲ್‌ಗೆ, ಲಾಗಿನ್ ಆಗಬಹುದು. ಅಪ್ಪ-ಅಮ್ಮನಿಗೆ ಒಂದೇ ಅರ್ಜಿ ಸಾಕು ಅಂದುಕೊಳ್ಳುವವರು ತುಂಬಾ ಜನ. ಸಾಲದು. ಇಬ್ಬರಿಗೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಕೇಸು.

ವೀಸಾ ಅರ್ಜಿಗೆ ತಲೆಗೆ 325 ಡಾಲರ್, ಸ್ಪಾನ್ಸರ್ ಕಾಗದಗಳಿಗೆ 120 ಡಾಲರ್. ಅಮೆರಿಕದ ಬ್ಯಾಂಕ್ ಖಾತೆಯಿಂದಲೇ ಕಟ್ಟಬೇಕು. ಹಣ ಸೇರಿದೆ ಅಂತ ತೋರಿಸುವವರೆಗೆ ಮುಂದಿನ ಫಾರ್ಮ್ ತೆರೆಯುವುದಿಲ್ಲ. ವೀಸಾ ಅರ್ಜಿಯ ಫಾರ್ಮ್ ಡಿಎಸ್-260ರಲ್ಲಿ 16ನೇ ವಯಸ್ಸಿನಿಂದ ಇದ್ದ ಮನೆಗಳ ವಿಳಾಸವೆಲ್ಲ ಕೇಳುತ್ತಾರೆ. ಅಪ್ಪನದು ವರ್ಗಾವಣೆಯ ನೌಕರಿ, ಅರ್ಧ ಕರ್ನಾಟಕ ಸುತ್ತಿದವರು. ಫೋನಿನಲ್ಲಿ ಹಳೇ ಬಾಡಿಗೆ ಮನೆಗಳನ್ನೆಲ್ಲ ನೆನಪಿಸಿಕೊಳ್ಳುತ್ತಾ ಓನರ್‌ಗಳ ಕತೆಗೇ ಜಾಸ್ತಿ ಹೊತ್ತು ಹೋಯಿತು. ಆ ಕತೆ ಕೇಳುವಾಗಲೂ ಸೇವ್ ಒತ್ತುತ್ತಿರಿ, ಸುಮಾರು 20 ನಿಮಿಷ ಸುಮ್ನೆ ಬಿಟ್ಟರೆ ಲಾಗ್‌ಔಟ್ ಆಗುತ್ತದೆ.

ನಿಜವಾದ ಕೆಲಸ ದಾಖಲೆಗಳದ್ದು. ಅಮ್ಮ ಹುಟ್ಟಿದ್ದು ಹಳ್ಳಿಯಲ್ಲಿ, ಮನೆಯಲ್ಲೇ. ಜನನ ನೋಂದಣಿ ಆಗಿರಲೇ ಇಲ್ಲ. ಇಂಥವರಿಗೆ ಮೊದಲು 'ದಾಖಲೆ ಲಭ್ಯವಿಲ್ಲ' ಅನ್ನುವ ನಮೂನೆ-10 ಪ್ರಮಾಣಪತ್ರ ಬೇಕು. ಅದರ ಜೊತೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಹುಟ್ಟಿದ್ದನ್ನು ಬಲ್ಲ ಹಿರಿಯರ ಅಫಿಡವಿಟ್. ದೊಡ್ಡಮ್ಮ ನೋಟರಿ ಮುಂದೆ ಸಹಿ ಹಾಕುತ್ತಾ, "ಇವಳು ಹುಟ್ಟಿದಾಳೆ ಅನ್ನೋಕೂ ನಾನೇ ಸಾಕ್ಷಿ ಹೇಳ್ಬೇಕೇನೋ?" ಅಂತ ಕೇಳಿದರು.

ಇನ್ನು ಹೆಸರು. ಅಂಕಪಟ್ಟಿಯಲ್ಲಿ ಅಮ್ಮನಿಗೆ ಎರಡು ಇನಿಷಿಯಲ್: ಒಂದು ಊರಿನದು, ಇನ್ನೊಂದು ತಾತನದು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದು ಊರೇ ಸರ್‌ನೇಮ್ ಆಗಿ ಕೂತಿದೆ. ನನ್ನ ಜನನ ಪ್ರಮಾಣಪತ್ರದಲ್ಲಿ ಇನಿಷಿಯಲ್ಲೇ ಇಲ್ಲ, ಹೆಸರಿನ ಕೊನೆಗೆ ಒಂದು 'ಅಮ್ಮ' ಬೇರೆ ಸೇರಿದೆ. ನಮ್ಮ ಕಡೆ ಇದು ಮನೆ ಮನೆ ಕತೆ, ಅಲ್ವಾ? ಡಿಎಸ್-260ರಲ್ಲಿ 'ಬೇರೆ ಹೆಸರುಗಳು' ಅಂತ ಕೇಳುವ ಜಾಗದಲ್ಲಿ ಎಲ್ಲವನ್ನೂ ಬರೆದೆವು. ಇವೆಲ್ಲ ಒಬ್ಬರದೇ ಹೆಸರು ಅಂತ ಅಫಿಡವಿಟ್ ಮಾಡಿಸಿ ಅಂಕಪಟ್ಟಿಯ ಜೊತೆಗೇ ಅಪ್‌ಲೋಡ್ ಮಾಡಿದೆವು. ಇದಕ್ಕೆ ಸೋಮಾರಿತನ ಬೇಡ. ಒಂದು ಕಾಗದ ತಿರಸ್ಕಾರವಾದರೂ ಸರಿಪಡಿಸಿ ಹಾಕಿ ಮತ್ತೆ ಸರದಿಯಲ್ಲಿ ನಿಲ್ಲಬೇಕು.

ಕನ್ನಡದ ದಾಖಲೆಗೆ ಇಂಗ್ಲಿಷ್ ಅನುವಾದ ಬೇಕು, ಅನುವಾದಕರ ಸಹಿ ಇರುವ ದೃಢೀಕರಣದ ಜೊತೆ. ಪಿಸಿಸಿಯನ್ನು, ಅಂದರೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನು, ಪಾಸ್‌ಪೋರ್ಟ್ ಸೇವಾ ಮೂಲಕವೇ ಮಾಡಿಸಬೇಕು, ಪೊಲೀಸ್ ಠಾಣೆಯ ಪತ್ರ ನಡೆಯದು. ಗಲ್ಫ್‌ನಲ್ಲಿ ವರ್ಷಗಟ್ಟಲೆ ದುಡಿದು ಬಂದವರು ಆ ದೇಶದ್ದನ್ನೂ ತರಿಸಬೇಕು. ಇದನ್ನು ಮೊದಲೇ ಶುರು ಮಾಡಿ.

ಅತ್ತೆಯ ಕೇಸಿಗೆ ಒಂದು ಏಜೆನ್ಸಿ ಹಿಡಿದೆವು, ಹೆಸರು ಬೇಡ. ನಾವು ಹೇಳಿದ್ದನ್ನು ಫಾರ್ಮ್‌ನಲ್ಲಿ ಟೈಪ್ ಮಾಡಿ ದೊಡ್ಡ ಬಿಲ್ ಕೊಟ್ಟರು. ಜನನ ಪ್ರಮಾಣಪತ್ರದ ವಿಚಾರ ಕೇಳಿದರೆ "ಅದನ್ನು ನೀವೇ ನೋಡಿಕೊಳ್ಳಿ" ಅಂದರು. ಇಂಗ್ಲಿಷ್ ಓದಲು ಬಂದರೆ ಆ ದುಡ್ಡು ಉಳಿಸಿ.

ಯಾವ ತಾರೀಖಿಗೆ ಬಂದ ದಾಖಲೆಗಳನ್ನು ಈಗ ನೋಡುತ್ತಿದ್ದಾರೆ ಅಂತ ಅಮೆರಿಕದ ವಿದೇಶಾಂಗ ಇಲಾಖೆಯ ವೆಬ್‌ಸೈಟ್‌ನಲ್ಲಿ ಹಾಕುತ್ತಾರೆ. ಇದು ನನಗೆ ತುಂಬಾ ಹಿಡಿಸಿತು, ಕೇಳಿ ಕೇಳಿ ಮೇಲ್ ಹಾಕುವುದು ತಪ್ಪುತ್ತದೆ. ಎಲ್ಲ ಸರಿಯಿದ್ದರೆ ಕಾಗದ ಪತ್ರ ಪೂರ್ತಿಯಾಗಿದೆ ಅನ್ನುವ ಮೇಲ್ ಬರುತ್ತದೆ. ಎಲ್ಲರೂ 'ಡಿಕ್ಯೂ (ಡಾಕ್ಯುಮೆಂಟರಿಲಿ ಕ್ವಾಲಿಫೈಡ್) ಆಯ್ತಾ?' ಅಂತ ಕೇಳುವುದು ಇದನ್ನೇ. ಆದರೆ ಇಂಟರ್‌ವ್ಯೂ ದಿನಾಂಕ ಮುಂಬೈಯಲ್ಲಿ ಜಾಗ ಖಾಲಿಯಾದ ಮೇಲೆ ಬೇರೆಯಾಗಿ ಬರುತ್ತದೆ. ಡಿಕ್ಯೂ ಆಯಿತು ಅಂತ ಟಿಕೆಟ್ ತೆಗೆಯುವುದು, ಮನೆ ಮಾರುವುದು ಎಲ್ಲ ಬೇಡ. ಮೆಡಿಕಲ್ ಕೂಡ ದಿನಾಂಕ ಬಂದ ಮೇಲೆಯೇ.

ಅಣ್ಣನದು ಎಫ್4, ಒಡಹುಟ್ಟಿದವರ ಸಾಲು. ಭಾರತದವರಿಗೆ ಹದಿನೈದು ವರ್ಷಕ್ಕೂ ಮೀರಿದ ಕಾಯುವಿಕೆ. ಅವನ ಫೈಲು ಎನ್‌ವಿಸಿಯಲ್ಲಿ ಸುಮ್ನೆ ಕೂತಿದೆ. ನಾವು ಮನೆ ಅಥವಾ ಇಮೇಲ್ ಬದಲಿಸಿದಾಗ ಅವರಿಗೆ ತಿಳಿಸುತ್ತೇವೆ. ಮುಂದೆ ಸರದಿ ಬಂದು ನೋಟಿಸ್ ಕೈಸೇರಿದ ಮೇಲೆ ಒಂದು ವರ್ಷ ಏನೂ ಮಾಡದಿದ್ದರೆ ಕೇಸೇ ರದ್ದಾಗಬಹುದು. ಅಷ್ಟರಲ್ಲಿ ಅಣ್ಣನ ಮಗಳಿಗೆ 21 ದಾಟಿರುತ್ತದೆ, ಹಾಗಾದರೆ ಅಪ್ಪನ ಕೇಸಿನಲ್ಲಿ ಅವಳನ್ನು ಮಗುವಾಗಿ ಸೇರಿಸಲಾಗದು. ಆದರೆ ಐ-130 ಬಾಕಿ ಇದ್ದ ಕಾಲವನ್ನು ವಯಸ್ಸಿನಿಂದ ಕಳೆಯಲು ಕಾನೂನಿದೆ. ಅದು ಅವಳಿಗೆ ಸಾಲುತ್ತದೋ ಇಲ್ಲವೋ ಅಂತ ಈಗಿನಿಂದಲೇ ಲೆಕ್ಕ ಹಾಕುತ್ತಿದ್ದೇವೆ.