ದೊಡ್ಡ ಮ್ಯಾಪಾ, ಸಿನಿಮಾ ಸರಪಳಿಯಾ, ಹಳೇ ಗೇಮ್‌ನ ರಿಮೇಕಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರೆಸಿಡೆಂಟ್ ಈವಿಲ್ 2 ಎಂಬ ಹಾರರ್ ವಿಡಿಯೋ ಗೇಮ್‌ನ ರಿಮೇಕ್‌ಗೆ. ಅದು ಬಂದದ್ದು 2019ರಲ್ಲಿ. ನಾನು ತಗೊಂಡದ್ದು ತುಂಬಾ ತಡವಾಗಿ, ಡಿಸ್ಕೌಂಟ್ ಬಿದ್ದಮೇಲೆ. ಅದೇ ಸುಮಾರಿಗೆ ಇನ್ನೊಂದು ಹಳೇ ಸರಣಿಯ ಹೊಸ ಓಪನ್ ವರ್ಲ್ಡ್ (ದೊಡ್ಡ ಮ್ಯಾಪ್‌ನಲ್ಲಿ ಮನಸ್ಸು ಬಂದಲ್ಲಿ ಅಲೆಯುವ) ಗೇಮ್‌ಗೆ ಪೂರ್ತಿ ದುಡ್ಡು ಕೊಟ್ಟಿದ್ದೆ. ಜೊತೆಗೆ, ಎಲ್ಲೋ ಮಧ್ಯದಲ್ಲಿ ಕೈಬಿಟ್ಟಿದ್ದ ಮಾರ್ವೆಲ್ ಸಿನಿಮಾಗಳನ್ನೂ ಮತ್ತೆ ಶುರು ಮಾಡಿದ್ದೆ. ಮೂರೂ ವರ್ಷಗಟ್ಟಲೆ ಎಳೆದುಕೊಂಡು ಬಂದ ಸರಣಿಗಳೇ. 'ಸಾಕಪ್ಪಾ ಈ ಸೀಕ್ವೆಲ್‌ಗಳ ಸಹವಾಸ' ಎಂದು ಜನ ಗೊಣಗುವುದು ಇಂಥವುಗಳ ಬಗ್ಗೆಯೇ ಅಲ್ವಾ? ಆದರೂ ಮೂರರಲ್ಲಿ ಒಂದನ್ನು ಮಾತ್ರ ನಾನು ಖುಷಿಯಿಂದ ಮುಗಿಸಿದೆ.

ಗ್ರಾಫಿಕ್ಸ್ ಹೇಗಿದೆ, ಸೌಂಡ್ ಹೇಗಿದೆ ಎಂಬುದೆಲ್ಲ ಇಲ್ಲಿ ಬೇಡ. ಮೂರರಲ್ಲೂ ಚೆನ್ನಾಗಿದೆ. ಇಷ್ಟು ದುಡ್ಡು ಸುರಿದಮೇಲೆ ಚೆನ್ನಾಗಿರಲೇಬೇಕು.

ಆ ಓಪನ್ ವರ್ಲ್ಡ್ ಗೇಮ್‌ನ ಹೆಸರು ಬೇಡ. ಈ ಜಾತಿಯ ಗೇಮ್ ಆಡಿದವರಿಗೆ ಯಾವುದೇ ಹೆಸರು ಹಾಕಿಕೊಂಡರೂ ನಡೆಯುತ್ತದೆ. ಶುರುವಿನ ಕೆಲವು ಗಂಟೆ ನಿಜಕ್ಕೂ ಮಜಾ ಬಂತು. ಬೆಟ್ಟ ಹತ್ತು, ಸಮುದ್ರ ನೋಡು, ಕುದುರೆ ಓಡಿಸು. ತೊಂದರೆ ಶುರುವಾದದ್ದು ಕಥೆ ಬಿಸಿ ಏರಿದ ಹೊತ್ತಿಗೆ. ನಾಯಕನ ಮನೆಯವರನ್ನು ಕೊಂದ ಖಳ ಎಲ್ಲಿದ್ದಾನೆ ಎಂದು ಕೊನೆಗೂ ಗೊತ್ತಾಗಿದೆ. ಅವನ ಕೋಟೆ ಕಣ್ಣೆದುರಿಗೇ ಇದೆ. ಮಿಷನ್ ಒತ್ತಿದರೆ ಸ್ಕ್ರೀನ್ ಮೇಲೆ ಬರುತ್ತದೆ: ಇದಕ್ಕೆ ಲೆವೆಲ್ 24 ಇದ್ದರೆ ಒಳ್ಳೆಯದು. ಲೆವೆಲ್ ಅಂದರೆ ಪಾತ್ರದ ಬಲ ಎಷ್ಟೆಂದು ಹೇಳುವ ನಂಬರ್. ನನ್ನದು 19.

ಆಗಿದ್ದಾಗಲಿ ಎಂದು ನುಗ್ಗಿದೆ. ಬಾಗಿಲಲ್ಲಿ ಒಬ್ಬ ಕಾವಲುಗಾರ. ಅವನ ತಲೆಯ ಮೇಲೆ ಕೆಂಪು ಬುರುಡೆಯ ಗುರುತು. ಸದ್ದಿಲ್ಲದೆ ಹಿಂದಿನಿಂದ ಹೋಗಿ ಕುತ್ತಿಗೆಗೇ ಚಾಕು ಹಾಕಿದೆ. ಅವನ ಪ್ರಾಣದ ಪಟ್ಟಿಯಲ್ಲಿ ಕಾಲು ಭಾಗವೂ ಇಳಿಯಲಿಲ್ಲ. ಆಸಾಮಿ ಆರಾಮಾಗಿ ತಿರುಗಿ ಎರಡೇ ಏಟಿಗೆ ನನ್ನನ್ನು ಮಲಗಿಸಿದ. ಅವನೇನು ಸೇನಾಪತಿಯಲ್ಲ, ರಾಕ್ಷಸನೂ ಅಲ್ಲ. ಹಿಂದಿನ ಊರಲ್ಲಿ ಇದೇ ಮುಖದ, ಇದೇ ಬಟ್ಟೆಯ ಕಾವಲುಗಾರರನ್ನು ಒಂದೇ ಇರಿತಕ್ಕೆ ಉರುಳಿಸಿದ್ದೆ. ಬದಲಾಗಿದ್ದದ್ದು ತಲೆಯ ಮೇಲಿನ ನಂಬರ್ ಅಷ್ಟೇ.

ಸರಿ, ಲೆವೆಲ್ ಏರಿಸಬೇಕು. ಹೇಗೆ? ಯಾರದೋ ಕಳೆದುಹೋದ ಮೇಕೆ ಹುಡುಕಿ ಕೊಡಬೇಕು. ಕಳ್ಳರ ಬಿಡಾರಕ್ಕೆ ನುಗ್ಗಿ ನಾಯಕನನ್ನು ಕೊಲ್ಲಬೇಕು, ಪೆಟ್ಟಿಗೆ ತೆರೆಯಬೇಕು. ಆಮೇಲೆ ಇನ್ನೊಂದು ಬಿಡಾರ. ಅದೇ ಡೇರೆ, ಅದೇ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ನನ್ನ ಕೈಯಲ್ಲಿರುವುದಕ್ಕಿಂತ ಒಂದು ಚೂರು ಮಾತ್ರ ಚೂಪಾದ ಕತ್ತಿ. ಅದನ್ನು ಹಾಕಿಕೊಂಡು ಹಳೇದನ್ನು ಮಾರಬೇಕು. ಮ್ಯಾಪ್ ತೆರೆದರೆ ಇಂಥ ಗುರುತುಗಳೇ ತುಂಬಿವೆ. ಒಂದನ್ನು ಅಳಿಸಿದರೆ ಪಕ್ಕದಲ್ಲಿ ಮೂರು ಹುಟ್ಟುತ್ತವೆ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಮೆನುವಿನಲ್ಲಿ ಒಂದು ಅಂಗಡಿಯೂ ಇತ್ತು. ಅಲ್ಲಿ ನಿಜವಾದ ದುಡ್ಡು ಕೊಟ್ಟರೆ ಲೆವೆಲ್ ಬೇಗ ಏರಿಸುವ ಬೂಸ್ಟರ್ ಸಿಗುತ್ತದಂತೆ! ದಾರಿಯನ್ನು ಉದ್ದ ಮಾಡಿದವರೂ ಅವರೇ, ಅಡ್ಡದಾರಿ ಮಾರುವವರೂ ಅವರೇ. ಪೂರ್ತಿ ದುಡ್ಡು ಕೊಟ್ಟು ಕೊಂಡ ಗೇಮ್ ಇದು, ಪುಕ್ಕಟೆ ಕೊಟ್ಟದ್ದಲ್ಲ. ಆ ಬೂಸ್ಟರ್ ನೋಡಿದಮೇಲೆ ಪ್ರತಿ ಬಿಡಾರದಲ್ಲೂ ಅನುಮಾನ. ಇದು ಇಲ್ಲಿ ಆಟಕ್ಕೆ ಬೇಕು ಅಂತ ಇದೆಯಾ, ಇಲ್ಲಾ ನನಗೆ ಬೇಜಾರಾಗಿ ಅಂಗಡಿ ಕಡೆ ಹೋಗಲಿ ಅಂತ ಇದೆಯಾ? ಒಮ್ಮೆ ಈ ಪ್ರಶ್ನೆ ತಲೆಗೆ ಹೊಕ್ಕರೆ ಸೂರ್ಯಾಸ್ತ ನೋಡುವ ಖುಷಿಯೂ ಉಳಿಯುವುದಿಲ್ಲ.

ನಾನು ಆಡುವುದು ರಾತ್ರಿ ಒಂದು ಗಂಟೆ, ಅದೂ ಕೆಲವು ದಿನ ಮಾತ್ರ. ನಡುವೆ ವಾರಗಟ್ಟಲೆ ಬಿಟ್ಟೂ ಬಿಡುತ್ತೇನೆ. ಹಾಗೆ ಬಿಟ್ಟು ವಾಪಸ್ ಬಂದರೆ ತಪ್ಪಿಸಿಕೊಳ್ಳುವ ಬಟನ್ ಯಾವುದು ಎಂದೇ ನೆನಪಿಲ್ಲ. ಕಂಟ್ರೋಲರ್ ಹಿಡಿದು ತಡಕಾಡುವಷ್ಟರಲ್ಲಿ ಒಂದು ತೋಳ ಬಂದು ಮುಗಿಸಿತು. ಕೊನೆಗೂ ಲೆವೆಲ್ 24 ಆಯಿತು. ಆದರೆ ಅಷ್ಟು ಹೊತ್ತಿಗೆ ಆ ಖಳನ ಮೇಲಿದ್ದ ಸಿಟ್ಟೇ ಆರಿಹೋಗಿತ್ತು.

ಇನ್ನು ಮಾರ್ವೆಲ್. ಇದರ ಗೋಳು ಬೇರೆ. 2008ರ ಐರನ್ ಮ್ಯಾನ್‌ನಿಂದ 2019ರ ಎಂಡ್‌ಗೇಮ್‌ವರೆಗೆ 22 ಸಿನಿಮಾ. ಜಾಸ್ತಿಯೇ ಆಯಿತು, ಆದರೂ ನೋಡಬೇಕಾಗಿದ್ದದ್ದು ಸಿನಿಮಾ ಮಾತ್ರ. 2021ರಿಂದ ಓಟಿಟಿ ಸೀರೀಸ್‌ಗಳೂ ಕಥೆಯೊಳಕ್ಕೆ ಬಂದವು. 2022ರಲ್ಲಿ ಬಂದ ಡಾಕ್ಟರ್ ಸ್ಟ್ರೇಂಜ್ ಸಿನಿಮಾದಲ್ಲಿ ವಾಂಡಾ ಎಂಬ ಮಾಟಗಾತಿ ಇಬ್ಬರು ಮಕ್ಕಳಿಗಾಗಿ ಹುಚ್ಚಿಯಂತೆ ಆಡುತ್ತಾಳೆ. ಆ ಮಕ್ಕಳು ಯಾರು, ಎಲ್ಲಿ ಹೋದರು ಎಂದು ತಿಳಿಯಬೇಕಾದರೆ ವಾಂಡಾವಿಷನ್ ಸೀರೀಸ್‌ನ ಒಂಬತ್ತು ಎಪಿಸೋಡ್ ನೋಡಿರಬೇಕು. ನೋಡದವರಿಗೆ ಅವಳ ಅಳು ಮುಟ್ಟುವುದೇ ಇಲ್ಲ. 2023ರ ದ ಮಾರ್ವೆಲ್ಸ್ ಸಿನಿಮಾದಲ್ಲಿ ಮೂವರು ನಾಯಕಿಯರು. ಒಬ್ಬಳು ಕ್ಯಾಪ್ಟನ್ ಮಾರ್ವೆಲ್ ಎಂಬ ಹಿಂದಿನ ಸಿನಿಮಾದಿಂದ ಬಂದವಳು. ಇನ್ನೊಬ್ಬಳನ್ನು ಅದೇ ಸಿನಿಮಾದಲ್ಲಿ ಪುಟ್ಟ ಹುಡುಗಿಯಾಗಿ ನೋಡಿರುತ್ತೇವೆ, ಆದರೆ ಅವಳಿಗೆ ಶಕ್ತಿ ಬಂದದ್ದು ಒಂದು ಸೀರೀಸ್‌ನಲ್ಲಿ. ಮೂರನೆಯವಳು ಇನ್ನೊಂದು ಸೀರೀಸ್‌ನವಳು. ಎರಡು ಗಂಟೆಯೂ ಇಲ್ಲದ ಸಿನಿಮಾಕ್ಕೆ ಇಷ್ಟೊಂದು ಹೋಮ್‌ವರ್ಕ್.

ಎಂಡ್‌ಗೇಮ್ ಜಗತ್ತಿನಾದ್ಯಂತ ಸುಮಾರು 280 ಕೋಟಿ ಡಾಲರ್ ಗಳಿಸಿತ್ತು. ದ ಮಾರ್ವೆಲ್ಸ್ 20 ಕೋಟಿ ಚಿಲ್ಲರೆಯಲ್ಲೇ ನಿಂತಿತು. ಡಿಸ್ನಿಯ ಆಗಿನ ಮುಖ್ಯಸ್ಥ ಬಾಬ್ ಐಗರ್ ಅವರೇ ವರ್ಷಕ್ಕೆ ಎರಡೋ ಹೆಚ್ಚೆಂದರೆ ಮೂರೋ ಸಿನಿಮಾ, ಎರಡು ಸೀರೀಸ್ ಸಾಕು ಎಂದು ಆಮೇಲೆ ಹೇಳಿದರು. 2024ರಲ್ಲಿ ಮಾರ್ವೆಲ್ ಸ್ಟುಡಿಯೋಸ್‌ನಿಂದ ಬಂದದ್ದು ಒಂದೇ ಸಿನಿಮಾ, ಡೆಡ್‌ಪೂಲ್ ಮತ್ತು ವುಲ್ವರಿನ್. ಅದು 130 ಕೋಟಿ ಡಾಲರ್ ದಾಟಿತು. ತಮಾಷೆ ಏನೆಂದರೆ, ಅದರ ತುಂಬಾ ಹಳೇ ಸಿನಿಮಾಗಳ ಉಲ್ಲೇಖಗಳೇ. ಅಂದರೆ ಜನಕ್ಕೆ ಹಳೇದು ಬೇಡ ಎಂದೇನಲ್ಲ. ಹಳೇದು ಗೊತ್ತಿದ್ದರೆ ನಗು ಜಾಸ್ತಿ, ಗೊತ್ತಿಲ್ಲದಿದ್ದರೂ ಹೊಡೆದಾಟಕ್ಕೆ ಮೋಸವಿಲ್ಲ. ನನಗಂತೂ ಅರ್ಧದಷ್ಟು ಜೋಕ್ ತಲೆಯ ಮೇಲೆ ಹಾದುಹೋದವು, ಆದರೂ ಬೇಜಾರಾಗಲಿಲ್ಲ.

ಜೇಮ್ಸ್ ಬಾಂಡ್ ಇದನ್ನು ಯಾವತ್ತೋ ಅರ್ಥ ಮಾಡಿಕೊಂಡಿದ್ದ. 1962ರಿಂದ 2021ರವರೆಗೆ 25 ಸಿನಿಮಾ, ಡೇನಿಯಲ್ ಕ್ರೇಗ್ ಕಾಲದವನ್ನು ಬಿಟ್ಟರೆ ಯಾವುದನ್ನು ಬೇಕಾದರೂ ಸುಮ್ನೆ ಹಾಕಿಕೊಂಡು ನೋಡಬಹುದು.

ಕಾಲ್ ಆಫ್ ಡ್ಯೂಟಿ ಥರ ವರ್ಷಕ್ಕೊಂದು ಬರುವ ಗೇಮ್‌ಗಳನ್ನು ಈ ಹೋಲಿಕೆಗೆ ಸೇರಿಸಿಲ್ಲ. ಗೆಳೆಯರ ಜೊತೆ ಆನ್‌ಲೈನ್ ಆಡುವವರ ಲೆಕ್ಕವೇ ಬೇರೆ.

ಈಗ ನನ್ನ ಮೆಚ್ಚಿನದು. ರೆಸಿಡೆಂಟ್ ಈವಿಲ್ ಸರಣಿಯೂ ಸಾಚಾ ಏನಲ್ಲ. 2012ರ ಆರನೇ ಭಾಗದಲ್ಲಿ ನಾಲ್ಕು ಕಥೆ, ಎಲ್ಲೆಲ್ಲೂ ಸ್ಫೋಟ, ಹೆದರಿಕೆ ಮಾತ್ರ ಇಲ್ಲ. ಮುಂದಿನ ಮುಖ್ಯ ಭಾಗಕ್ಕೆ 2017ರವರೆಗೆ ಕಾಯಿಸಿದರು. ಅದರಲ್ಲಿ ಹೆಚ್ಚುಕಮ್ಮಿ ಒಂದು ಮನೆ, ಒಂದು ಸಂಸಾರ, ಮೊದಲ ಬಾರಿಗೆ ಮುಖ್ಯ ಸರಣಿಯಲ್ಲಿ ಪಾತ್ರದ ಕಣ್ಣಿಂದಲೇ ನೋಡುವ ಆಟ. ಚಿಕ್ಕದಾಗಿದ್ದಕ್ಕೇ ಜೀವ ಬಂತು. ಎರಡು ವರ್ಷ ಬಿಟ್ಟು ಬಂದದ್ದು ಈ ರಿಮೇಕ್, 1998ರ ಗೇಮ್‌ನದು.

ಇಲ್ಲಿ ನೀವು ಬಹಳ ಹೊತ್ತು ಒಂದೇ ಪೊಲೀಸ್ ಠಾಣೆಯಲ್ಲಿ ಓಡಾಡುತ್ತೀರಿ. ಹಿಂದಿನ ಯಾವುದನ್ನೂ ಆಡಿರಬೇಕಿಲ್ಲ. ನನ್ನನ್ನು ಗೆದ್ದದ್ದು ಅದರ ಮ್ಯಾಪ್. ಒಂದು ಕೋಣೆಯಲ್ಲಿ ಎತ್ತಿಕೊಳ್ಳುವ ವಸ್ತು ಇನ್ನೂ ಉಳಿದಿದ್ದರೆ ಆ ಕೋಣೆ ಕೆಂಪಾಗಿ ಕಾಣುತ್ತದೆ. ಎಲ್ಲ ಮುಗಿದರೆ ನೀಲಿ. ಬೀಗ ಹಾಕಿದ ಬಾಗಿಲು ಯಾವ ಕೀಲಿ ಕೇಳುತ್ತದೆ ಎಂಬುದೂ ಅಲ್ಲೇ ಬರೆದಿರುತ್ತದೆ. ಇನ್ನು ಬೇಕಾಗದ ಕೀಲಿಯ ಮೇಲೆ ಕೆಂಪು ಟಿಕ್ ಬೀಳುತ್ತದೆ, ನಿಶ್ಚಿಂತೆಯಿಂದ ಎಸೆಯಬಹುದು. ಮೂರು ವಾರ ಬಿಟ್ಟು ಬಂದರೂ ಮ್ಯಾಪ್ ನೋಡಿದ ಒಂದೇ ನಿಮಿಷಕ್ಕೆ ಎಲ್ಲಿದ್ದೆ, ಏನು ಬಾಕಿ ಎಂದು ಗೊತ್ತಾಗುತ್ತದೆ. ಇಲ್ಲಿ ಲೆವೆಲ್ ಇಲ್ಲ, ತಲೆಯ ಮೇಲೆ ನಂಬರ್ ಇಲ್ಲ. ಗುಂಡು ಕಮ್ಮಿ ಇದೆ, ಅಷ್ಟೇ ಕಷ್ಟ. ಒಂದು ಹಂತ ದಾಟಿದಮೇಲೆ ಟೋಪಿ ಹಾಕಿದ ದೈತ್ಯನೊಬ್ಬ ಠಾಣೆಯಲ್ಲಿ ಹುಡುಕಿಕೊಂಡು ಬರುತ್ತಾನೆ. ಅವನ ಬೂಟಿನ ಸದ್ದು ಮೇಲಿನ ಮಹಡಿಯಲ್ಲಿ ಕೇಳಿದರೆ ಸಾಕು, ಅದೇ ನೀಲಿ ಕೋಣೆಗಳು ಮತ್ತೆ ಹೊಸದಾಗುತ್ತವೆ.

ದೋಷ ಇಲ್ಲವೇ? ಇದೆ. ಆಟದಲ್ಲಿ ಇಬ್ಬರು ಮುಖ್ಯ ಪಾತ್ರಗಳು, ಲಿಯಾನ್ ಕಥೆ ಮುಗಿಸಿ ಕ್ಲೇರ್ ಕಥೆ ಶುರು ಮಾಡಿದರೆ ಒಗಟುಗಳು ಹೆಚ್ಚುಕಮ್ಮಿ ಅವೇ. ಇಬ್ಬರೂ ಒಂದೇ ರಾತ್ರಿ ಅಲ್ಲಿದ್ದರು ಎಂದು ನಂಬುವುದೂ ಕಷ್ಟ. ರಿಮೇಕ್ ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ಕೊಳ್ಳಬೇಡಿ. ಮರುವರ್ಷವೇ ಬಂದ ಮೂರನೇ ಭಾಗದ ರಿಮೇಕ್‌ನಲ್ಲಿ ಹಳೇ ಗೇಮ್‌ನ ಗಡಿಯಾರ ಗೋಪುರದ ಭಾಗವನ್ನೇ ಕತ್ತರಿಸಿದ್ದರು. ಅವಸರದ ಅಡುಗೆ.

ನನ್ನ ತೀರ್ಮಾನ ನನ್ನ ಹೊತ್ತು ಮತ್ತು ಜೇಬಿಗೆ ತಕ್ಕಂತೆ. ವರ್ಷಕ್ಕೆ ಒಂದೋ ಎರಡೋ ಗೇಮ್ ಕೊಳ್ಳುವವನು ನಾನು, ಕೊಂಡದ್ದು ಮುಗಿಯಬೇಕು. ಒಂದೇ ಗೇಮ್ ಅನ್ನು ತಿಂಗಳುಗಟ್ಟಲೆ ಆಡುವವರಿಗೆ, ದಿನವಿಡೀ ಮ್ಯಾಪ್‌ನಲ್ಲಿ ಅಲೆಯುವುದೇ ಇಷ್ಟ ಎನ್ನುವವರಿಗೆ ಓಪನ್ ವರ್ಲ್ಡ್ ಒಳ್ಳೇ ವ್ಯಾಪಾರವೇ. ಆದರೆ ಬೂಸ್ಟರ್ ಮಾರುತ್ತಾರಾ ಎಂದು ಮೊದಲೇ ನೋಡಿಕೊಳ್ಳಿ. ಆ ಜಾತಿಯಲ್ಲೇ ಏನಾದರೂ ಬೇಕೆಂದರೆ 2023ರ ಅಸ್ಯಾಸಿನ್ಸ್ ಕ್ರೀಡ್ ಮಿರಾಜ್ ಬಾಗ್ದಾದ್ ನಗರಕ್ಕೇ ಅಂಟಿಕೊಂಡು ಸಣ್ಣದಾಗಿ ಮುಗಿಯುತ್ತದೆ, ನಾನಾದರೆ ಅದನ್ನೇ ಆರಿಸುತ್ತೇನೆ. ಮಾರ್ವೆಲ್ ಸಿನಿಮಾಕ್ಕೆ ಇನ್ನು ಮೇಲೆ ನನ್ನದು ಒಂದೇ ಪ್ರಶ್ನೆ: ಹೋಮ್‌ವರ್ಕ್ ಇದೆಯಾ? ಇಲ್ಲ ಎಂದರೆ ಹೋಗುತ್ತೇನೆ. ಮುಂದಿನ ಡಿಸ್ಕೌಂಟ್‌ಗೆ ನಾಲ್ಕನೇ ರೆಸಿಡೆಂಟ್ ಈವಿಲ್‌ನ ರಿಮೇಕ್ ತಗೊಳ್ಳುವುದು ಪಕ್ಕಾ. ಅದಕ್ಕೆ ಜಾಗ ಬೇಕು ಎಂದು ಆ ಓಪನ್ ವರ್ಲ್ಡ್ ಗೇಮ್ ಅನ್ನು ಆಗಲೇ ಡಿಲೀಟ್ ಮಾಡಿಯಾಯಿತು, ಖಳ ಇನ್ನೂ ಕೋಟೆಯಲ್ಲೇ ಇದ್ದಾನೆ.